ಅಪ್ಪನ ಹಳೆ ಬಿಎಸ್ಎ ರೈಫಲ್ ಗುಜರಿ ಅಲ್ಲ, ಮಳೆಗಾಲದಲ್ಲಿ ಮೂಲೆಗೆ ನಿಲ್ಲಿಸ್ಬೇಡಿ

ಮಾನ್ಯ ಸಂಪಾದಕರೇ,

ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಚುನಾವಣೆ ಇವತ್ತಲ್ಲ ನಾಳೆ ಬರೋದೇ, ಬಂದ ಕೂಡ್ಲೇ ನಮ್ಮ ಜಿಲ್ಲೆಲಿ ಲೈಸೆನ್ಸ್ ಇರೋರೆಲ್ಲ ಕೋವಿ ಹೊತ್ಕೊಂಡು, ಚುನಾವಣೆ ಮುಗಿಯೋವರೆಗೂ ಠೇವಣಿ ಇಡೋಕೆ ಠಾಣೆ ಕಡೆ ಹೋಗೋ ಕೆಲಸ ಶುರುವಾಗ್ತದೆ. ಅದಕ್ಕಿಂತ ಮೊದ್ಲೇ ಈ ಪತ್ರ ಬರೀಬೇಕು ಅನ್ನಿಸ್ತು. ಠೇವಣಿ ಇಡೋದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ, ಚುನಾವಣೆ ಶಾಂತವಾಗಿ ನಡೀಬೇಕು ಅನ್ನೋದು ನನಗೂ ಬೇಕು. ಆದ್ರೆ ಇಟ್ಟ ಕೋವಿ ವಾಪಸ್ ಬರುವಾಗ ಎಂಥಾ ಸ್ಥಿತಿಲಿ ಬರ್ತದೆ ಅನ್ನೋದನ್ನ ಯಾರೂ ಮಾತಾಡೋದಿಲ್ಲ, ಅದ್ರಲ್ಲೂ ಗುರಿ ಹೊಡೆಯೋಕೆ ಅಂತಲೇ ಮಾಡಿದ ಹಳೆ ರೈಫಲ್‌ಗಳ ಬಗ್ಗೆ ಯಾರೂ ಕೇಳೋರೇ ಇಲ್ಲ.

ನಮ್ಮದು ಶಿರಸಿ ಹತ್ರ ಒಂದು ಹಳ್ಳಿ, ಅಡಿಕೆ ತೋಟದ ಮನೆ. ನಾನು ಕೆಲಸಕ್ಕೆ ಕಾರವಾರದಲ್ಲಿ ಇರೋದು. ಅಪ್ಪ ಅರವತ್ತರ ದಶಕದಲ್ಲಿ ಧಾರವಾಡದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಲಿ .22 ರೈಫಲ್, ಅಂದ್ರೆ ಕಾಲು ಇಂಚಿಗೂ ಕಡಿಮೆ ಅಗಲದ ಸಣ್ಣ ಗುಂಡಿನ ರೈಫಲ್ ಹಿಡಿದವರು, ಆ ಹುಚ್ಚು ಅವರಿಗೆ ಕೊನೇವರೆಗೂ ಬಿಡ್ಲೇ ಇಲ್ಲ. ಊರಿಗೆ ಬಂದ ಮೇಲೆ ಒಬ್ಬ ನಿವೃತ್ತ ಅಧಿಕಾರಿ ಹತ್ರ ಒಂದು ಬಿಎಸ್ಎ ಮಾರ್ಟಿನಿ ತಗೊಂಡ್ರು, ಮಾಡೆಲ್ 12/15, ಎರಡನೇ ಮಹಾಯುದ್ಧದ ಆಸುಪಾಸಿನದ್ದು. ಮನೇಲಿ ಹಂದಿ ಮಂಗ ಹೆದರಿಸೋಕೆ ತೋಟದ ಕೋವಿ ಬೇರೆ ಇತ್ತು, ಇದನ್ನ ಅಪ್ಪ ಒಂದೇ ಒಂದು ಸಲನೂ ತೋಟಕ್ಕೆ ಒಯ್ದದ್ದಿಲ್ಲ. ಇದು ಕಾಗದದ ಮೇಲೆ ಹೊಡೆಯೋಕೆ ಮಾತ್ರ.

ಬಿಎಸ್ಎ ಅಂದ್ರೆ ನಮ್ಮಲ್ಲಿ ಹಳೇ ಕಾಲದವರಿಗೆ ಮೋಟಾರ್‌ಸೈಕಲ್ ನೆನಪಾಗ್ತದೆ. ಆದ್ರೆ ಆ ಕಂಪನಿ 1861ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಶುರುವಾದದ್ದೇ ಬಂದೂಕು ಮಾಡೋಕೆ, ಹೆಸರೇ ಬರ್ಮಿಂಗ್‌ಹ್ಯಾಂ ಸ್ಮಾಲ್ ಆರ್ಮ್ಸ್. ಮೂರು ರೈಫಲ್ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಹಾಗೆ ಒಂದು ಗುರುತು ಇರ್ತದೆ, ಅದೇ ಅವರ ಟ್ರೇಡ್‌ಮಾರ್ಕ್. ಮಾರ್ಟಿನಿ ಅನ್ನೋದು ಒಳಗಿನ ಯಂತ್ರದ ಹೆಸರು, ಅಮೆರಿಕದ ಪೀಬಾಡಿ ಅನ್ನೋರು 1862ರಲ್ಲಿ ಪೇಟೆಂಟ್ ತಗೊಂಡ ವಿನ್ಯಾಸವನ್ನ ಸ್ವಿಟ್ಜರ್ಲೆಂಡಿನ ಮಾರ್ಟಿನಿ ಸುಧಾರಿಸಿದ್ದು, 1871ರಲ್ಲಿ ಬ್ರಿಟಿಷ್ ಸೈನ್ಯ ತಗೊಂಡ ಮಾರ್ಟಿನಿ-ಹೆನ್ರಿ ರೈಫಲ್ ಇದೇ ವಂಶದ್ದು. ಕೆಳಗಿನ ಲಿವರ್ ಎಳೆದ್ರೆ ಒಳಗಿನ ಬ್ಲಾಕ್ ವಾಲಿ ಕೆಳಗೆ ಹೋಗ್ತದೆ, ಒಂದು ತೋಟಾ (ಕಾರ್ಟ್ರಿಜ್) ಹಾಕ್ಬೇಕು, ಲಿವರ್ ಮುಚ್ಚಬೇಕು, ಒಂದು ಹೊಡೀಬೇಕು. ಮ್ಯಾಗಜಿನ್ ಇಲ್ಲ, ಅವಸರ ಮಾಡೋಕೆ ದಾರಿನೇ ಇಲ್ಲ. ಅಪ್ಪ ನನಗೆ ಗುರಿ ಕಲಿಸುವಾಗ ಇದನ್ನೇ ದೊಡ್ಡ ಗುಣ ಅಂತ ಹೇಳ್ತಿದ್ರು, ನನಗೂ ಈಗ ಹಾಗೇ ಅನ್ನಿಸ್ತದೆ.

2019ರ ಕೊನೇಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂತು, ಒಬ್ಬರ ಹತ್ರ ಮೂರು ಇರಬಹುದಾಗಿದ್ದದ್ದು ಎರಡಕ್ಕೆ ಇಳೀತು. ನಮ್ಮ ಮನೇಲಿ ಮೂರಿತ್ತು. ನೆಂಟರು ಅಕ್ಕಪಕ್ಕದವರು ಎಲ್ಲಾ ಹೇಳಿದ್ದು ಒಂದೇ ಮಾತು, ಆ ಸಣ್ಣ ಗುಂಡಿನ ರೈಫಲ್ ಕೊಟ್ಬಿಡಿ, ಅದ್ರಿಂದ ತೋಟಕ್ಕೆ ಎಂತ ಉಪಯೋಗ ಅಂತ. ಅಪ್ಪ ಒಪ್ಪಲಿಲ್ಲ, ತೋಟದ ಒಂದು ಒಂಟಿ ನಳಿಗೆ ಕೋವಿ ಕೊಟ್ಟು ಇದನ್ನ ಉಳಿಸ್ಕೊಂಡ್ರು. ಘಟ್ಟದ ಮೇಲೆ ಎಷ್ಟೋ ಮನೆಗಳಲ್ಲಿ ಆಗ ಇದಕ್ಕೆ ಉಲ್ಟಾ ಆಗಿರಬೇಕು ಅಂತ ನೆನೆಸಿದ್ರೆ ನನಗೆ ಸಂಕಟ ಆಗ್ತದೆ, ತೋಟದ ಕೋವಿ ಉಳ್ಕೊಂಡಿರ್ತದೆ, ಅಜ್ಜನ ಗುರಿ ರೈಫಲ್ ಹೋಗಿರ್ತದೆ. ಆಮೇಲೆ ಅಪ್ಪ ಇದನ್ನ ನನ್ನ ಹೆಸರಿಗೆ ಮಾಡಿಸಿದ್ರು. ಇದು ಬಹಳ ಜನಕ್ಕೆ ಗೊತ್ತಿಲ್ಲ, 2016ರ ನಿಯಮದಲ್ಲಿ ಲೈಸೆನ್ಸ್‌ದಾರರಿಗೆ 70 ವರ್ಷ ಆದ್ರೆ, ಇಲ್ಲಾ ಆ ಕೋವಿ ಅವರ ಹತ್ರ 25 ವರ್ಷ ಇದ್ರೆ, ಬದುಕಿದ್ದಾಗ್ಲೇ ವಾರಸುದಾರರಿಗೆ ಲೈಸೆನ್ಸ್ ಕೇಳೋಕೆ ಅವಕಾಶ ಇದೆ. ಹಿರಿಯರು ತೀರ್ಕೊಂಡ ಮೇಲೆ ಓಡಾಡೋದಕ್ಕಿಂತ ಅದು ಎಷ್ಟೋ ಸುಲಭ, ದಯವಿಟ್ಟು ಮಾಡ್ಸಿ.

ಈಗ 2024ರ ಕತೆಗೆ ಬರ್ತೇನೆ. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ನೀತಿಸಂಹಿತೆ ಬಂತು, ರೈಫಲ್ ಠೇವಣಿ ಇಟ್ಟೆ. ಯಾವ ಠಾಣೆ ಅಂತ ಬರೆಯೋದಿಲ್ಲ, ಅಲ್ಲಿನ ಸಿಬ್ಬಂದಿ ನನ್ನ ಜೊತೆ ಮರ್ಯಾದೆಯಿಂದಲೇ ನಡ್ಕೊಂಡ್ರು, ಅವರಿಗೂ ಜಾಗ ಇಲ್ಲ. ನಮ್ಮಲ್ಲಿ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಫಲಿತಾಂಶ. ಅಷ್ಟೊತ್ತಿಗೆ ಮಳೆ, ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡ್ಕೊಂಡ್ರು, ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿ ಜೀವಗಳೇ ಹೋದ ಹೊತ್ತಲ್ಲಿ ರೈಫಲ್ ಯಾರ ತಲೇಲಿ ಇರ್ತದೆ. ಆಗಸ್ಟ್ 1ಕ್ಕೆ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮಂಡಿಯೂರಿ, ಮಲಗಿ, ನಿಂತು ಹೊಡೆಯೋ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ 451.4 ಅಂಕ ಮಾಡಿ ಕಂಚು ಗೆದ್ದರು, ಆ ವಿಭಾಗದಲ್ಲಿ ನಮ್ಮ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಕೊಲ್ಹಾಪುರ ಜಿಲ್ಲೆ ಹಳ್ಳಿಯ ಹುಡುಗ, ಬೆಳಗಾವಿ ದಾಟಿದ್ರೆ ಅವರೂರು. ಅಪ್ಪ ಮಲಗಿದ್ದಲ್ಲೇ ಟಿವಿ ನೋಡಿ, ನಮ್ಮ ರೈಫಲ್ ಎಲ್ಲಿದ್ದು ಅಂತ ಕೇಳಿದ್ರು. ಆಗ ನನಗೆ ಚುರುಕ್ ಅಂತು.

ಸೆಪ್ಟೆಂಬರ್‌ನಲ್ಲಿ ಹೋಗಿ ತಂದೆ. ಸಿಮೆಂಟ್ ನೆಲದ ಮೇಲೆ, ಹೊರಗೋಡೆಗೆ ಒರಗಿಸಿ, ಹತ್ತಾರು ಕೋವಿ ಮಧ್ಯೆ ನಿಲ್ಲಿಸಿದ್ರು. ನಾನು ಕೊಡುವಾಗ ಫೋಮ್ ಇರೋ ರೆಕ್ಸಿನ್ ಬ್ಯಾಗಲ್ಲಿ ಹಾಕಿ ಕೊಟ್ಟಿದ್ದೆ, ಅದು ನನ್ನ ತಪ್ಪು, ಆ ಫೋಮ್ ಆರು ತಿಂಗಳು ತೇವ ಹೀರ್ಕೊಂಡು ರೈಫಲ್‌ಗೆ ಒದ್ದೆ ಕಂಬಳಿ ಹೊದಿಸಿದ ಹಾಗೆ ಆಗಿತ್ತು. ಜಿಪ್ ತೆಗೆದ್ರೆ ನಳಿಗೆ ಪೂರ್ತಿ ಕೆಂಪು ಪುಡಿ, ಮರದ ಮೇಲೆ ಬಿಳಿ ಬೂಸ್ಟು, ಹಿಂಬದಿ ತುದಿಲಿ ಮರ ಉಬ್ಬಿ ಒಂದು ಚೂರು ಎದ್ದು ಹೋಗಿತ್ತು. ಗುರಿ ನೋಡೋ ಮುಂದಿನ ಸೈಟಿಗೆ ಹಾಕೋ ರಿಂಗುಗಳ ಸಣ್ಣ ತಗಡಿನ ಡಬ್ಬಿ ಬ್ಯಾಗಿನ ಕಿಸೆಲಿತ್ತು, ಅದು ಸಿಗಲೇ ಇಲ್ಲ. ರಸೀದಿಲಿ ರೈಫಲ್ ನಂಬರ್ ಮಾತ್ರ ಬರ್ಸಿದ್ದೆ, ಡಬ್ಬಿ ಬರ್ಸಿರಲಿಲ್ಲ, ಹಾಗಾಗಿ ಕೇಳೋ ಹಾಗೂ ಇಲ್ಲ. ಅಪ್ಪಂಗೆ ತೋರಿಸ್ದೆ. ಏನೂ ಮಾತಾಡ್ಲಿಲ್ಲ, ಬೆರಳಲ್ಲಿ ನಳಿಗೆ ಸವರಿ ಆ ಕೆಂಪು ಪುಡಿನ ಪಂಚೆಗೆ ಒರೆಸ್ಕೊಂಡ್ರು.

ಮೂರು ಜನ ಮೂರು ಸಲಹೆ ಕೊಟ್ಟರು. ಒಬ್ಬರು ಕಮ್ಮಾರಸಾಲೆಗೆ ಕೊಡಿ ಅಂದ್ರು, ಒಬ್ಬರು ಎಮರಿ ಪೇಪರ್ ಹಾಕಿ ತಿಕ್ಕಿ ಕಪ್ಪು ಪೇಂಟ್ ಹೊಡೀರಿ ಅಂದ್ರು, ಇನ್ನೊಬ್ಬರು ತೆಂಗಿನೆಣ್ಣೆ. ಮೂರೂ ತಪ್ಪು, ಯಾಕೆ ಅಂತ ಹೇಳ್ಬೇಕು ಯಾಕಂದ್ರೆ ನಮ್ಮ ಕಡೆ ಮನೆಮನೇಲೂ ಇದನ್ನೇ ಮಾಡೋದು. ಕೋವಿ ರಿಪೇರಿಗೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇರೋರೇ ಬೇಕು, ಊರ ಕಮ್ಮಾರ ಎಷ್ಟೇ ಜಾಣ ಆದ್ರೂ ಅವನ ಕೈಗೆ ಕೊಟ್ರೆ ಅವನಿಗೂ ತೊಂದರೆ ನಮಗೂ ತೊಂದರೆ. ನಳಿಗೆ ತುದಿ ಹಾಳಾಗಿದೆ ಅಂತ ಕತ್ತರಿಸೋದಂತೂ 6ನೇ ಕಲಂ ಕೆಳಗೆ ಬರ್ತದೆ, ಆ ಯೋಚನೆನೇ ಬೇಡ. ತೆಂಗಿನೆಣ್ಣೆ ಕಬ್ಬಿಣದ ಮೇಲೆ ದಿನ ಕಳೆದ ಹಾಗೆ ಅಂಟಂಟಾಗಿ ಧೂಳು ಹಿಡೀತದೆ, ಒಳಗಿನ ಸ್ಪ್ರಿಂಗ್ ಜಿಡ್ಡು ಕಟ್ತದೆ, ಗನ್ ಆಯಿಲ್ ಇಲ್ಲಾ ಹೊಲಿಗೆ ಮಷಿನ್ ಎಣ್ಣೆ ತರದ ಖನಿಜ ಎಣ್ಣೆನೇ ಸರಿ. ಇನ್ನು ಎಮರಿ ಮಾತಿಗೆ ಅಪ್ಪ ಹಾಸಿಗೆಯಿಂದ್ಲೇ ಹೇಳಿದ್ರು, "ಎಮರಿ ಮುಟ್ಸಡ ಕೂಸೆ, ಅದ್ರ ಗುರುತು ಹೋಗ್ತು." ಹೌದು, ಆ ಮೂರು ರೈಫಲ್ ಗುರುತು, ನಂಬರು, ನಳಿಗೆ ಪರೀಕ್ಷೆ ಆದದ್ದಕ್ಕೆ ಒತ್ತೋ ಪ್ರೂಫ್ ಮುದ್ರೆ ಎಲ್ಲಾ ಕಬ್ಬಿಣದ ಮೇಲ್ಮೈಲಿ ಕೂದಲೆಳೆ ಆಳದಲ್ಲಿ ಇರೋದು, ಹತ್ತು ನಿಮಿಷ ಎಮರಿ ಉಜ್ಜಿದ್ರೆ ಎಪ್ಪತ್ತೆಂಬತ್ತು ವರ್ಷದ ಗುರುತು ಅಳಿಸಿ ಹೋಗ್ತದೆ.

ಜಿಲ್ಲೆಯಿಂದ ಹೊರಗೆ ಲೈಸೆನ್ಸ್ ಇರೋ ಒಬ್ಬ ರಿಪೇರಿಯವರು ಸಿಕ್ಕಿದ್ರು, ವಯಸ್ಸಾದವರು, ಕೆಲಸ ನಿಧಾನ. ಕಬ್ಬಿಣದ ಭಾಗ ಎಲ್ಲಾ ರಸೀದಿ ಮಾಡಿ ಅವರ ಹತ್ರ ಬಿಟ್ಟು ಮರದ ಭಾಗ ಮಾತ್ರ ನಾನು ಮನೆಗೆ ತಂದೆ. ಅವರು ಮೊದ್ಲು ಮಾಡಿದ್ದು ಏನೂ ಮಾಡದೆ ಇದ್ದದ್ದು, ಎಣ್ಣೆ ಸವರಿ ನಾಲ್ಕು ದಿನ ಸುಮ್ನೆ ಬಿಟ್ಟರು. ಆಮೇಲೆ ನಾಲ್ಕು ಸೊನ್ನೆ ನಂಬರಿನ ಅತೀ ನಯದ ಸ್ಟೀಲ್ ವುಲ್ ಎಣ್ಣೇಲಿ ಅದ್ದಿ ಹಗುರಕ್ಕೆ ಉಜ್ಜಿದ್ರು, ತುಕ್ಕು ಎದ್ದು ಬಂತು, ಹಳೆ ಕಪ್ಪು ಬಣ್ಣ ಅರ್ಧ ಉಳೀತು. ನಳಿಗೆ ಒಳಗೆ ನೋಡೋವರೆಗೂ ನನಗೆ ಜೀವ ಇರಲಿಲ್ಲ. ಯಾಕಂದ್ರೆ ಹಳೇ ಕಾಲದ ತೋಟಾಗಳಲ್ಲಿ ಕಿಡಿ ಹೊತ್ತಿಸೋ ಮದ್ದಾದ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು, ಹೊಡೆದ ಮೇಲೆ ಒಳಗೆ ಉಪ್ಪು ಉಳ್ಕೊಂಡು ತೇವ ಎಳೀತಿತ್ತು, ಅವತ್ತೇ ಒರೆಸದೆ ಬಿಟ್ರೆ ಒಳಗೆಲ್ಲ ಹೊಂಡ ಬೀಳ್ತಿತ್ತು. 1926ರ ನಂತರ ತುಕ್ಕು ಹಿಡಿಸದ ಪ್ರೈಮರ್ ಬಂತು ಆದ್ರೂ ಹಳೆ ಸ್ಟಾಕ್ ತೋಟಾ ಎಷ್ಟೋ ವರ್ಷ ಓಡಿತ್ತು. ನಮ್ಮದ್ರಲ್ಲಿ ಅಪ್ಪ ಪ್ರತೀ ಸಲ ಒರೆಸಿಟ್ಟಿದ್ದಕ್ಕೆ ಒಳಗಿನ ಸುರುಳಿ ಗೆರೆಗಳು ಸ್ವಚ್ಛ ಇದ್ದವು, ಬಾಯಿ ಹತ್ರ ಸ್ವಲ್ಪ ಮಚ್ಚೆ ಅಷ್ಟೇ. .22ಕ್ಕೆ ಆ ಗೆರೆ 16 ಇಂಚಿಗೆ ಒಂದು ಸುತ್ತು ತಿರುಗ್ತದೆ, ಮೇಣ ಸವರಿದ ಸೀಸದ 40 ಗ್ರೇನಿನ ಗುಂಡು, ಅಂದ್ರೆ ಎರಡೂವರೆ ಗ್ರಾಂ ಚಿಲ್ಲರೆ, ಅದನ್ನ ಕಚ್ಚಿ ತಿರುಗಿಸೋಕೆ ಆ ಗೆರೆ ಅಂಚು ಮತ್ತು ನಳಿಗೆ ಬಾಯಿಯ ಅಂಚು ಚೆನ್ನಾಗಿರಬೇಕು. ಕ್ಲೀನ್ ಮಾಡೋ ರಾಡ್ ಬಾಯಿ ಅಂಚಿಗೆ ತಾಗಿ ತಾಗಿ ಸವೆದ್ರೆ ರೈಫಲ್ ಕತೆ ಮುಗೀತು, ತುಕ್ಕಿಗಿಂತ ಹೆಚ್ಚು ರೈಫಲ್ ಹಾಳಾಗಿದ್ದು ಒರಟು ಕೈಯಲ್ಲಿ ಕ್ಲೀನ್ ಮಾಡಿದ್ದಕ್ಕೆ ಅಂತ ಆ ರಿಪೇರಿಯವರು ಹೇಳಿದ್ರು.

ನಳಿಗೆಗೆ ಮಾತ್ರ ಅವರು ಹಳೇ ವಿಧಾನದಲ್ಲಿ ಬ್ಲೂಯಿಂಗ್, ಅಂದ್ರೆ ಕಬ್ಬಿಣಕ್ಕೆ ಕಪ್ಪು ಬಣ್ಣ ಬರ್ಸೋ ಕೆಲಸ ಮಾಡಿದ್ರು. ಇದು ನನಗೆ ಬಹಳ ಇಷ್ಟವಾದ ಕೆಲಸ. ಜಿಡ್ಡು ಪೂರ್ತಿ ತೆಗೆದು, ಒಂದು ದ್ರಾವಣ ಸವರಿ, ಬೇಕು ಅಂತಲೇ ತೆಳ್ಳಗೆ ತುಕ್ಕು ಬರ್ಸೋದು, ಆಮೇಲೆ ಕುದಿಯೋ ನೀರಲ್ಲಿ ಹಾಕೋದು, ಕೆಂಪು ತುಕ್ಕು ನೀರಲ್ಲಿ ಕಪ್ಪು ಆಕ್ಸೈಡ್ ಆಗಿ ಬದಲಾಗ್ತದೆ, ಮೇಲಿನ ಸಡಿಲ ಪುಡಿ ಬ್ರಶ್ ಮಾಡಿ ತೆಗೆದು ಮತ್ತೆ ಸವರೋದು, ಹೀಗೆ ಆರೇಳು ಸಲ. ಯಾವ ತೇವ ರೈಫಲ್ ತಿಂದಿತ್ತೋ ಅದೇ ತೇವ ಇಲ್ಲಿ ಬಣ್ಣ ಕೊಡ್ತದೆ, ಕುದಿಸಿ ನಿಲ್ಲಿಸೋ ಹೊತ್ತು ಗೊತ್ತಿರಬೇಕು ಅಷ್ಟೇ. ಬಾಕಿ ಭಾಗಕ್ಕೆ ಬೇಡ ಅಂದೆ, ಅಪ್ಪನ ಕೈ ತಾಗಿ ಬೆಳ್ಳಗಾದ ಲಿವರ್ ಹಾಗೇ ಇರಲಿ.

ಮರದ ಕೆಲಸ ಮನೇಲಿ. ಸ್ಯಾಂಡ್‌ಪೇಪರ್ ಹಾಕ್ಲಿಲ್ಲ, ಹಾಕಿದ್ರೆ ಕಬ್ಬಿಣ ಮತ್ತೆ ಮರ ಕೂಡೋ ಅಂಚು ತಗ್ಗಾಗಿ ಅಸಹ್ಯ ಕಾಣ್ತದೆ. ಟರ್ಪಂಟೈನಲ್ಲಿ ಕೊಳೆ ತೆಗೆದೆ, ಪೆಟ್ಟು ಬಿದ್ದು ತಗ್ಗಾದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲಿಂದ ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿಸ್ದೆ, ಆವಿಗೆ ಮರದ ನಾರು ಉಬ್ಬಿ ತಗ್ಗು ತುಂಬ್ಕೊಳ್ತದೆ, ನಂಬೋಕೆ ಆಗೋದಿಲ್ಲ ಆದ್ರೆ ನಿಜ, ಮರ ತುಂಡಾಗಿರಬಾರದು ಅಷ್ಟೇ. ಎದ್ದು ಹೋದ ತುದಿಗೆ ಶಿರಸಿಯ ಒಬ್ಬ ಗುಡಿಗಾರರ ಹತ್ರ ಹೋದೆ, ಗಂಧದ ಕೆತ್ತನೆ ಮಾಡೋ ಮನೆತನ, ಅವರಿಗೆ ಇದು ಸಣ್ಣ ಕೆಲಸ. ರೈಫಲ್‌ದು ವಾಲ್‌ನಟ್ ಮರ, ಅದು ಇಲ್ಲಿ ಎಲ್ಲಿ ಸಿಗಬೇಕು. ನಮ್ಮ ಮನೆ ಅಟ್ಟದಲ್ಲಿ ಮುರಿದ ಬೀಟೆ ಮಂಚದ ಕಾಲು ಇತ್ತು, ಅದನ್ನೇ ಒಯ್ದೆ. ಅವರು ನಾರು ಯಾವ ಕಡೆ ಹೋಗ್ತದೆ ನೋಡಿ, ಓರೆಯಾಗಿ ಕಚ್ಚು ಮಾಡಿ ಕೂರಿಸಿದ್ರು, ಗೆರೆ ಕಾಣೋದಿಲ್ಲ, ಬಣ್ಣ ಮಾತ್ರ ಒಂದು ಪಟ್ಟು ಕಪ್ಪು. ಬಣ್ಣ ಹಾಕಿ ಮುಚ್ಚಿಡ್ಲಾ ಅಂತ ಕೇಳಿದ್ರು, ಬೇಡ ಅಂದೆ. ರಿಪೇರಿ ಮಾಡಿದ್ದು ಕಾಣ್ಲಿ, ಅದು ನಮ್ಮ ಮನೆ ಮರ.

ಮೇಲೆ ಅಗಸೆ ಎಣ್ಣೆ, ಪೇಂಟಿನ ಅಂಗಡಿಲಿ ಸಿಗೋ ಡಬಲ್ ಬಾಯಿಲ್ಡ್. ಅಂಗೈಲಿ ನಾಲ್ಕು ಹನಿ ಹಾಕಿ ಬಿಸಿ ಆಗೋವರೆಗೂ ಉಜ್ಜೋದು, ಉಳಿದದ್ದು ಪೂರ್ತಿ ಒರೆಸಿ ತೆಗೆಯೋದು, ಒಣಗಿದ ಮೇಲೆ ಮತ್ತೆ. ಕಾರವಾರದ ಗಾಳಿಲಿ ಒಂದು ಕೋಟ್ ಒಣಗೋಕೆ ನಾಲ್ಕೈದು ದಿನ, ಹನ್ನೆರಡು ಕೋಟಿಗೆ ಎರಡು ತಿಂಗಳು ಹಿಡೀತು. ಒಂದು ಎಚ್ಚರಿಕೆ, ಅಗಸೆ ಎಣ್ಣೆ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ಅದು ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ಕೊಳ್ತದೆ, ನೀರಲ್ಲಿ ಅದ್ದಿ ಇಲ್ಲಾ ಹೊರಗೆ ಹರವಿ ಒಣಗಿಸಿ ಆಮೇಲೆ ಬಿಸಾಕಿ.

ನನ್ನ ಮೈಗೆ ಹೊಂದೋ ಹಾಗೆ ಮಾಡ್ಕೊಂಡದ್ದೂ ಇದೆ. ಅಪ್ಪ ಎತ್ತರ, ಕೈ ಉದ್ದ, ನಾನು ಅಲ್ಲ. ಕೆನ್ನೆ ಇಡೋ ಕಡೆ ಎತ್ತರ ಕಡಿಮೆ ಇತ್ತು, ಕಾರ್ಕ್ ಹಾಳೆ ಮೇಲೆ ತೊಗಲು ಹೊಲಿಸಿ ಲೇಸ್ ಕಟ್ಟೋ ಪಟ್ಟಿ ಮಾಡ್ಸಿದೆ, ಕೈ ತಡೆಯೋಕೆ ಹ್ಯಾಂಡ್‌ಸ್ಟಾಪ್, ಒಂದು ಅಗಲದ ತೊಗಲಿನ ಸ್ಲಿಂಗ್. ಎಲ್ಲಾ ಬಿಚ್ಚಿದ್ರೆ ರೈಫಲ್ ಮೊದಲಿನ ಹಾಗೇ, ಒಂದು ಹೊಸ ತೂತೂ ಕೊರೀಲಿಲ್ಲ. ಹಳೇದಕ್ಕೆ ಹೊಸ ಸಾಮಾನು ಕೂರಿಸೋಕೆ ಮರ ಕಡಿಯೋರನ್ನ ನೋಡಿದ್ದೇನೆ, ಅದು ನನಗೆ ಒಪ್ಪಿಗೆ ಇಲ್ಲ, ಮುಂದೆ ಇದನ್ನ ಹಿಡಿಯೋರ ಕೈ ಹೇಗಿರ್ತದೋ ಯಾರಿಗೆ ಗೊತ್ತು. ಹಿಂದಿನ ಪಾರ್ಕರ್ ಹೇಲ್ ಕಂಪನಿಯ ಸೈಟು ಹಳೇದೇ, ಒಂದು ಕ್ಲಿಕ್ ಅಂದ್ರೆ ಕಾಲು ಮಿನಿಟ್ ಕೋನ (ಒಂದು ಮಿನಿಟ್ ಅಂದ್ರೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು), 50 ಮೀಟರಿನಲ್ಲಿ ಸುಮಾರು 3.6 ಮಿಲಿಮೀಟರ್. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್, ಒಂದು ಸಣ್ಣ ಅಂಗಿ ಗುಂಡಿಯಷ್ಟು. ಕುಸಾಳೆ ಹೊಡೆದದ್ದೂ ಅದಕ್ಕೇ, ಅಷ್ಟೇ ದೂರಕ್ಕೆ, ಇದೇ .22 ಗುಂಡಲ್ಲಿ.

ರೈಫಲ್ ಕ್ಲಬ್ಬಿನ ರೇಂಜಿಗೆ, ಅಂದ್ರೆ ಗುರಿ ಅಭ್ಯಾಸದ ಜಾಗಕ್ಕೆ, ಘಟ್ಟ ಹತ್ತಿ ದೂರ ಹೋಗ್ಬೇಕು. ಫೆಬ್ರವರಿಲಿ ಹೋದೆ, ಅಪ್ಪನ್ನೂ ಕಾರಲ್ಲಿ ಕೂರಿಸ್ಕೊಂಡು ಹೋದೆ. ಮೊದಲ ಹತ್ತು ಎಲ್ಲೆಲ್ಲೋ ಹೋದವು, ಹನ್ನೆರಡು ಕ್ಲಿಕ್ ಎಡಕ್ಕೆ, ಆರು ಕೆಳಗೆ. ಕೊನೇ ಹತ್ತರಲ್ಲಿ ಏಳು ಒಂದು ರೂಪಾಯಿ ನಾಣ್ಯ ಇಟ್ರೆ ಮುಚ್ಚಿ ಹೋಗೋ ಜಾಗದಲ್ಲಿ ಬಿದ್ದವು. ಅಪ್ಪ ಆ ಕಾಗದ ಮಡಚಿ ಅಂಗಿ ಕಿಸೆಲಿ ಇಟ್ಕೊಂಡ್ರು. ಮೇ ತಿಂಗಳಲ್ಲಿ ಅವರು ಹೋದ್ರು, ಕಪಾಟಲ್ಲಿ ಈಗಲೂ ಆ ಕಾಗದ ಇದೆ.

ಈಗ ನಾನು ಕೇಳೋದು. ಚುನಾವಣಾ ಆಯೋಗದ ಸೂಚನೆಲೇ ಸ್ಕ್ರೀನಿಂಗ್ ಕಮಿಟಿ ಅಂತ ಇದೆ, ಯಾರ ಕೋವಿ ಠೇವಣಿ ಬೇಕು ಯಾರದ್ದು ಬೇಡ ಅಂತ ಒಬ್ಬೊಬ್ಬರದ್ದೂ ನೋಡಿ ತೀರ್ಮಾನ ಮಾಡೋಕೆ. ಅದು ನಮ್ಮ ಜಿಲ್ಲೆಲೂ ಸರಿಯಾಗಿ ನಡೀಲಿ, ಗುರಿ ಅಭ್ಯಾಸ ಮಾಡೋರ ಅರ್ಜಿನ ಹೊತ್ತಿಗೆ ನೋಡ್ಲಿ. ಇಡ್ಲೇಬೇಕು ಅಂದ್ರೆ ಇಡೋಕೆ ಒಂದು ಮರದ ಸ್ಟ್ಯಾಂಡ್, ನೆಲದಿಂದ ಒಂದು ಅಡಿ ಮೇಲೆ, ಹೊರಗೋಡೆಗೆ ತಾಗದ ಹಾಗೆ, ಕೋಣೆಲಿ ಒಂದು ಹಳೇ ನಮೂನೆ ಬಿಸಿಯಾಗೋ ಬಲ್ಬ್ ಉರೀತಾ ಇದ್ರೆ ಅರ್ಧ ತೇವ ಹೋಗ್ತದೆ, ಇದಕ್ಕೆ ಲಕ್ಷಗಟ್ಲೆ ಬೇಡ, ಬಡಗಿಯ ಎರಡು ದಿನದ ಕೆಲಸ. ಮರ ಕೊಡೋಕೆ ನಮ್ಮಂಥೋರು ನಾಲ್ಕು ಜನ ತಯಾರಿದ್ದೇವೆ. ಕೋವಿ ಇಡೋರಿಗೂ ಹೇಳ್ತೇನೆ, ಕೊಡೋ ಹಿಂದಿನ ದಿನ ಒಳಗೂ ಹೊರಗೂ ಎಣ್ಣೆ ಸವರಿ, ಫೋಮ್ ಬ್ಯಾಗ್ ಬೇಡ, ಎಣ್ಣೆ ಮಾಡಿದ ಹತ್ತಿ ಬಟ್ಟೆ ಸಾಕು, ಫೋಟೋ ತಗೊಳ್ಳಿ, ಜೊತೆಗೆ ಕೊಡೋ ಪ್ರತಿಯೊಂದು ಸಾಮಾನೂ ರಸೀದಿಲಿ ಬರ್ಸಿ. ಬೇಕಾಗದ ಸೈಟು ಸ್ಲಿಂಗು ಮನೇಲೇ ಇಟ್ಕೊಳ್ಳಿ. ಫಲಿತಾಂಶ ಆದ್ಮೇಲೆ ನನ್ನ ಹಾಗೆ ಮೂರು ತಿಂಗಳು ಬಿಡ್ಬೇಡಿ.

ಇನ್ನೊಂದು ವಿನಂತಿ. ಜಿಲ್ಲೆಲಿ ಯಾರದಾದ್ರೂ ಮನೇಲಿ ಅಜ್ಜನ ಕಾಲದ ಗುರಿ ರೈಫಲಿನ ಸಾಮಾನು ಇದ್ರೆ ಕಪಾಟು ಒಂದು ಸಲ ನೋಡಿ. ನನಗೆ ಬೇಕಾಗಿರೋದು ಪಾರ್ಕರ್ ಹೇಲ್ ಮುಂದಿನ ಸೈಟಿನ ರಿಂಗುಗಳು, ನಾಣ್ಯಕ್ಕಿಂತ ಸಣ್ಣ ತೆಳ್ಳಗಿನ ತಗಡಿನ ಬಿಲ್ಲೆ, ನಡುವೆ ಬೇರೆ ಬೇರೆ ಅಳತೆಯ ತೂತು. ನನ್ನ ಹತ್ರ ಉಳಿದಿರೋದು ಸೈಟಿನ ಒಳಗೇ ಇದ್ದ ಒಂದೇ, ಅದ್ರ ತೂತು ಸಣ್ಣದು, ಟಾರ್ಗೆಟ್ಟಿನ ಕಪ್ಪು ಪೂರ್ತಿ ತುಂಬ್ಕೊಂಡು ಸುತ್ತ ಬಿಳಿ ಕಾಣೋದಿಲ್ಲ, ಎಡಕ್ಕೆ ಜಾರಿದ್ರೂ ಕಣ್ಣಿಗೆ ಗೊತ್ತಾಗೋದಿಲ್ಲ. ಅಣ್ಣನ ಮಗಳು ಈ ವರ್ಷ ಎನ್‌ಸಿಸಿ ಸೇರಿದ್ದಾಳೆ, ಮಳೆ ಬಿಟ್ಟ ಮೇಲೆ ಕ್ಲಬ್ಬಿಗೆ ಸೇರಿಸಿ ಇದ್ರಲ್ಲೇ ಶುರು ಮಾಡಿಸ್ಬೇಕು ಅಂತಿದ್ದೇನೆ. ಒಂದು ದೊಡ್ಡ ತೂತಿನ ರಿಂಗ್ ಯಾರ ಹತ್ರನಾದ್ರೂ ಇದ್ರೆ ಪತ್ರಿಕೆ ಮೂಲಕ ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೇನೆ.

ಇಂತಿ,
ನಿಮ್ಮ ಓದುಗಳು, ಕಾರವಾರ